ಹತ್ತು ಜನರ ಕನ್ಸಲ್ಟಿಂಗ್ ಕಂಪನಿಯಲ್ಲಿ ಕೆಲಸ: ಸೇರುವ ಮೊದಲಿನಿಂದ ಬಿಡುವ ದಿನದವರೆಗೆ

ಬೆಂಗಳೂರಿನ ಪೀಣ್ಯ ಮತ್ತು ಬೊಮ್ಮಸಂದ್ರ, ಮೈಸೂರಿನ ಹೆಬ್ಬಾಳ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ್. ಈ ಕಡೆಯ ಮಧ್ಯಮ ಗಾತ್ರದ ಕಾರ್ಖಾನೆಗಳಿಗೆ ಸಲಹೆ ಕೊಡುವ ಪುಟ್ಟ ಕನ್ಸಲ್ಟಿಂಗ್ ಕಂಪನಿಗಳು ಈಗ ಸಾಕಷ್ಟಿವೆ. ದೊಡ್ಡ ಕಂಪನಿಯಲ್ಲಿ ವರ್ಷಗಟ್ಟಲೆ ದುಡಿದು ಹೊರಬಂದ ಇಬ್ಬರು ಮೂವರು ಸೇರಿ ಶುರು ಮಾಡಿರುತ್ತಾರೆ. ಅವರ ಜೊತೆ ಐದಾರು ಹುಡುಗರು, ಹುಡುಗಿಯರು. ಉತ್ಪಾದನೆ ಹೆಚ್ಚಿಸುವುದು, ರಿಜೆಕ್ಷನ್ ತಗ್ಗಿಸುವುದು, ಸ್ಟಾಕ್ ಲೆಕ್ಕ ಸರಿಮಾಡುವುದು, ಕರೆಂಟ್ ಖರ್ಚು ಇಳಿಸುವುದು ಇಂಥ ಕೆಲಸ.

ಎಂಜಿನಿಯರಿಂಗ್ ಅಥವಾ ಎಂಬಿಎ ಮುಗಿಸಿದ ನಮ್ಮ ಮಕ್ಕಳಿಗೆ ಇಂಥ ಕಡೆಯಿಂದ ಆಫರ್ ಬಂದಾಗ ಮನೆಯಲ್ಲಿ ಒಂದೇ ಪ್ರಶ್ನೆ: "ಹೆಸರೇ ಕೇಳಿಲ್ಲವಲ್ಲ, ಸೇರಬಹುದಾ?" ಸೇರಬಹುದು. ಎರಡು ವರ್ಷ ಸರಿಯಾಗಿ ಕಳೆದರೆ ಇಲ್ಲಿ ಕಲಿಯುವಷ್ಟು ಬೇರೆ ಕಡೆ ಕಲಿಯುವುದು ಕಷ್ಟ. ಆದರೆ ಅದಕ್ಕೆ ಒಂದು ಅಭ್ಯಾಸ ಬೇಕು. ಕಂಪನಿಗೆ ದುಡ್ಡು ಎಲ್ಲಿಂದ, ಯಾವಾಗ, ಯಾವ ಕೆಲಸಕ್ಕೆ ಬರುತ್ತದೆ ಅನ್ನುವುದನ್ನು ಮೊದಲ ದಿನದಿಂದ ಗಮನಿಸಬೇಕು. ದೊಡ್ಡ ಕಂಪನಿಯಲ್ಲಿ ಅದನ್ನು ಬೇರೆ ವಿಭಾಗ ನೋಡಿಕೊಳ್ಳುತ್ತದೆ. ಇಲ್ಲಿ ನಿಮ್ಮ ಸಂಬಳ, ನಿಮ್ಮ ಕೆಲಸದ ಒತ್ತಡ, ನಿಮ್ಮ ಬಡ್ತಿ ಮೂರೂ ಅದಕ್ಕೇ ಅಂಟಿಕೊಂಡಿರುತ್ತವೆ. ಈ ಲೇಖನದ ಪ್ರತಿ ಹೆಜ್ಜೆಯಲ್ಲೂ ಆ ಮಾತು ಬರುತ್ತದೆ.

ಹೆಜ್ಜೆ 1: ಹೂಂ ಅನ್ನುವ ಮೊದಲು ಅರ್ಧ ಗಂಟೆ ಹುಡುಕಿ

ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟ್‌ನಲ್ಲಿ ಕಂಪನಿಯ ಹೆಸರು ಹಾಕಿ ನೋಡಿ. ಅದು ಪ್ರೈವೇಟ್ ಲಿಮಿಟೆಡ್ಡಾ, ಎಲ್‌ಎಲ್‌ಪಿನಾ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ), ಯಾವಾಗ ನೋಂದಣಿ ಆಯಿತು, ಇನ್ನೂ ಚಾಲ್ತಿಯಲ್ಲಿದೆಯಾ ಅನ್ನುವುದು ಸಿಗುತ್ತದೆ. ಸಣ್ಣ ಶುಲ್ಕ ಕಟ್ಟಿದರೆ ಅವರು ಸಲ್ಲಿಸಿದ ದಾಖಲೆಗಳನ್ನೂ ನೋಡಬಹುದು. ಇಷ್ಟೇ ಮುಖ್ಯವಾದ ಇನ್ನೊಂದು ಜಾಗ ಇದೆ, ಅದನ್ನು ಬಹಳ ಜನ ನೋಡುವುದಿಲ್ಲ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಕಂಪನಿಯ ಜಿಎಸ್‌ಟಿ ಸಂಖ್ಯೆ ಹಾಕಿದರೆ, ರಿಟರ್ನ್‌ಗಳನ್ನು ಯಾವ ಯಾವ ದಿನಾಂಕದಂದು ಸಲ್ಲಿಸಿದ್ದಾರೆ ಅನ್ನುವ ಪಟ್ಟಿ ಬರುತ್ತದೆ. ಲಾಗಿನ್ ಬೇಕಾಗಿಲ್ಲ. ತಿಂಗಳುಗಟ್ಟಲೆ ತಡವಾಗಿ ಸಲ್ಲಿಸಿದ್ದರೆ ಕೈಯಲ್ಲಿ ಹಣ ಬಿಗಿಯಾಗಿತ್ತು ಅಥವಾ ಲೆಕ್ಕಪತ್ರ ನೋಡಿಕೊಳ್ಳುವವರಿರಲಿಲ್ಲ ಅಂತ ಅನುಮಾನಿಸಬಹುದು. ಎರಡೂ ನೀವು ಕೇಳಿ ತಿಳಿಯಬೇಕಾದ ವಿಷಯ.

ಸಂದರ್ಶನದಲ್ಲಿ ಅವರು ನಿಮ್ಮನ್ನು ಕೇಳುವಷ್ಟೇ ನೀವೂ ಕೇಳಿ. ಸಣ್ಣ ಕಂಪನಿಯ ಸ್ಥಾಪಕರು ಇಂಥ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ, ಒಳ್ಳೆಯವರಾದರೆ ಖುಷಿಪಡುತ್ತಾರೆ. ಕೇಳುವ ರೀತಿ ಮೆತ್ತಗಿರಲಿ:

"ಸರ್, ಈಗ ನಡೀತಿರೋ ಪ್ರಾಜೆಕ್ಟ್‌ಗಳು ಇನ್ನೆಷ್ಟು ತಿಂಗಳಿಗಿವೆ?"
"ಅತಿ ದೊಡ್ಡ ಕ್ಲೈಂಟ್‌ನಿಂದ ಒಟ್ಟು ಆದಾಯದಲ್ಲಿ ಎಷ್ಟು ಭಾಗ ಬರುತ್ತೆ ಮೇಡಂ?"
"ಒಮ್ಮೆ ಕೆಲಸ ಮಾಡಿಸಿದವರು ಎರಡನೇ ಸಲ ಕರೆದಿದ್ದಾರಾ?"
"ಕಳೆದ ವರ್ಷ ಸಂಬಳ ಯಾವತ್ತಾದರೂ ತಡ ಆಗಿತ್ತಾ?"

ಮೂರನೇ ಪ್ರಶ್ನೆಯ ಉತ್ತರಕ್ಕೆ ನಾನು ಎಲ್ಲಕ್ಕಿಂತ ಜಾಸ್ತಿ ಬೆಲೆ ಕೊಡುತ್ತೇನೆ. ಮೊದಲ ಕ್ಲೈಂಟ್‌ಗಳು ಸಾಮಾನ್ಯವಾಗಿ ಸ್ಥಾಪಕರ ಹಳೆಯ ಪರಿಚಯದಿಂದ ಬಂದಿರುತ್ತಾರೆ. ಅವರೇ ಮತ್ತೆ ಕರೆದರೆ ಮಾತ್ರ ಕೆಲಸ ಚೆನ್ನಾಗಿತ್ತು ಅಂತ. ಒಬ್ಬನೇ ಕ್ಲೈಂಟ್‌ನಿಂದ ಅರ್ಧಕ್ಕಿಂತ ಜಾಸ್ತಿ ಆದಾಯ ಬರುತ್ತಿದ್ದರೆ, ಆ ಒಂದು ಒಪ್ಪಂದ ಮುಗಿದ ದಿನ ನಿಮ್ಮ ಕೆಲಸದ ಕಥೆ ಏನು ಅಂತ ಯೋಚಿಸಿಕೊಂಡು ಸೇರಿ. ಸೇರಲೇಬಾರದು ಅಂತ ನಾನು ಹೇಳುತ್ತಿಲ್ಲ. ಗೊತ್ತಿದ್ದು ಸೇರಿ.

ಹೆಜ್ಜೆ 2: ಆಫರ್ ಪತ್ರದಲ್ಲಿ ನೀವು ಯಾರು ಅಂತ ಬರೆದಿದ್ದಾರೆ?

ಸಣ್ಣ ಕಂಪನಿಗಳು ಕೆಲವರನ್ನು ನೌಕರರಾಗಿ ತೆಗೆದುಕೊಳ್ಳುತ್ತವೆ, ಕೆಲವರನ್ನು "ಕನ್ಸಲ್ಟೆಂಟ್" ಅಂತ ಗುತ್ತಿಗೆಯ ಮೇಲೆ. ಕೈಗೆ ಬರುವ ಮೊತ್ತ ಒಂದೇ ಥರ ಕಾಣಿಸಿದರೂ ಎರಡರ ಮಧ್ಯೆ ಬಹಳ ಅಂತರ ಇದೆ. ಗುತ್ತಿಗೆಯವರಿಗೆ ಸಾಮಾನ್ಯವಾಗಿ ವೃತ್ತಿ ಶುಲ್ಕದ ಲೆಕ್ಕದಲ್ಲಿ 10% ಟಿಡಿಎಸ್ (ಹಣ ಕೊಡುವಾಗಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಹಿಡಿಯುತ್ತಾರೆ. ಪಿಎಫ್ ಇಲ್ಲ, ಸಂಬಳಸಹಿತ ರಜೆ ಇಲ್ಲ, ಗ್ರಾಚ್ಯುಟಿ ಇಲ್ಲ. ಹಾಗಾಗಿ ಅದೇ ಕೆಲಸಕ್ಕೆ ಗುತ್ತಿಗೆಯಲ್ಲಿ ಹೋಗುವುದಾದರೆ ಜಾಸ್ತಿ ಮೊತ್ತ ಕೇಳುವುದು ನ್ಯಾಯ. ಹಿಡಿದ ಟಿಡಿಎಸ್ ನಿಮ್ಮ ಹೆಸರಿಗೆ ಜಮೆ ಆಗಿದೆಯಾ ಅಂತ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಮೂರು ತಿಂಗಳಿಗೊಮ್ಮೆ ನೋಡಿ. ವರ್ಷದ ಕೊನೆಯವರೆಗೆ ಕಾಯಬೇಡಿ.

ನೌಕರರಾಗಿ ಸೇರಿದರೂ ಒಂದು ವಿಷಯ ಗೊತ್ತಿರಲಿ. ಪಿಎಫ್ ಕಡ್ಡಾಯ ಆಗುವುದು 20 ಅಥವಾ ಅದಕ್ಕಿಂತ ಜಾಸ್ತಿ ನೌಕರರಿರುವ ಸಂಸ್ಥೆಗೆ. ಹತ್ತು ಜನರ ಕಂಪನಿ ಪಿಎಫ್ ಕೊಡದಿದ್ದರೆ ಅದು ಕಾನೂನು ಮುರಿದಂತೆ ಆಗುವುದಿಲ್ಲ. ತಾವಾಗಿಯೇ ನೋಂದಣಿ ಮಾಡಿಸಿಕೊಳ್ಳುವ ಕಂಪನಿಗಳೂ ಇವೆ, ಕೇಳಿ ನೋಡಿ. ಇಎಸ್‌ಐ (ನೌಕರರ ಸರ್ಕಾರಿ ವಿಮೆ) 10 ಜನರಿಂದ ಶುರು, ಅದೂ ತಿಂಗಳಿಗೆ ₹21,000ವರೆಗಿನ ಸಂಬಳದವರಿಗೆ. ಎರಡೂ ಇಲ್ಲದ ಕಡೆ ಆರೋಗ್ಯ ವಿಮೆ ಕೊಡುತ್ತಾರಾ ಅಂತ ಕೇಳಲೇಬೇಕು. ಇಲ್ಲ ಅಂದರೆ ಮೊದಲ ಸಂಬಳದಲ್ಲೇ ಸ್ವಂತಕ್ಕೊಂದು ವಿಮೆ ಮಾಡಿಸಿ. ಇದನ್ನು ಮುಂದೂಡಬೇಡಿ, ದಯವಿಟ್ಟು.

"ಮುಂದೆ ಕಂಪನಿಯಲ್ಲಿ ಪಾಲು ಕೊಡ್ತೀವಿ" ಅನ್ನುವ ಮಾತು ಇಂಥ ಕಡೆ ಸಾಮಾನ್ಯ. ಅದು ಪ್ರಾಮಾಣಿಕವಾಗಿಯೇ ಇರಬಹುದು. ಆದರೆ ಎಲ್‌ಎಲ್‌ಪಿಯಲ್ಲಿ ಷೇರುಗಳೇ ಇರುವುದಿಲ್ಲ, ಅಲ್ಲಿ ಪಾಲು ಅಂದರೆ ಪಾಲುದಾರರಾಗುವುದು ಅಥವಾ ಲಾಭದಲ್ಲಿ ಇಷ್ಟು ಭಾಗ ಅಂತ ಬರೆದುಕೊಡುವುದು. ಪ್ರೈವೇಟ್ ಲಿಮಿಟೆಡ್ ಆದರೆ ಇಸಾಪ್, ಅಂದರೆ ಮುಂದೆ ಕಂಪನಿಯ ಷೇರು ಕೊಳ್ಳುವ ಹಕ್ಕು ಕೊಡಬಹುದು. ಕೊಟ್ಟ ದಿನದಿಂದ ಕನಿಷ್ಠ ಒಂದು ವರ್ಷ ಆಗದೆ ಅದು ನಿಮ್ಮದಾಗುವುದಿಲ್ಲ. ಕಾಗದದ ಮೇಲೆ ಇಲ್ಲದ ಪಾಲನ್ನು ಸಂಬಳದ ಲೆಕ್ಕಕ್ಕೆ ಸೇರಿಸಿಕೊಳ್ಳಬೇಡಿ.

ಅಂಕಪಟ್ಟಿಗಳ ಮೂಲ ಪ್ರತಿ ಕೇಳಿದರೆ ತೋರಿಸಿ, ಇಟ್ಟು ಬರಬೇಡಿ. ನೇಮಕಾತಿ ಪತ್ರ ಇಲ್ಲದೆ ಕೆಲಸ ಶುರು ಮಾಡಬೇಡಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಅದು ಕಡ್ಡಾಯ.

ಹೆಜ್ಜೆ 3: ಒಂದು ಇನ್‌ವಾಯ್ಸ್‌ನ ಹಿಂದೆ ಹೋಗಿ

ಸೇರಿದ ಮೊದಲ ತಿಂಗಳಲ್ಲೇ ಸ್ಥಾಪಕರನ್ನು ಒಂದು ಮಾತು ಕೇಳಿ: "ಸರ್, ಒಂದು ಹಳೇ ಪ್ರಾಜೆಕ್ಟ್‌ನ ಪ್ರಪೋಸಲ್, ಒಪ್ಪಂದ, ಇನ್‌ವಾಯ್ಸ್ ಮೂರನ್ನೂ ಓದಬಹುದಾ?" ಹೆಚ್ಚಿನವರು ಕೊಡುತ್ತಾರೆ. ಅದನ್ನು ಓದಿದಾಗ ಕಂಪನಿ ಹೇಗೆ ಉಸಿರಾಡುತ್ತದೆ ಅಂತ ಗೊತ್ತಾಗುತ್ತದೆ.

ಲೆಕ್ಕಕ್ಕೆ ಒಂದು ಉದಾಹರಣೆ ತಗೊಳ್ಳೋಣ. ಒಂದು ಕಾರ್ಖಾನೆಗೆ ₹6,00,000 ಶುಲ್ಕದ ಕೆಲಸ ಮುಗಿದಿದೆ. ಕನ್ಸಲ್ಟಿಂಗ್ ಸೇವೆಗೆ ಜಿಎಸ್‌ಟಿ 18%, ಅಂದರೆ ₹1,08,000. ಇನ್‌ವಾಯ್ಸ್ ಮೊತ್ತ ₹7,08,000. ಕ್ಲೈಂಟ್ ಹಣ ಕೊಡುವಾಗ ಆರು ಲಕ್ಷದ ಮೇಲೆ 10% ಟಿಡಿಎಸ್, ಅಂದರೆ ₹60,000 ಹಿಡಿಯುತ್ತಾರೆ. ಬ್ಯಾಂಕಿಗೆ ಬರುವುದು ₹6,48,000. ಅದರಲ್ಲಿ ₹1,08,000 ಸರ್ಕಾರದ್ದು. ಹಾಗಾದರೆ ಖರ್ಚಿಗೆ ಸಿಗುವುದು ₹5,40,000. ಹಿಡಿದ ಅರವತ್ತು ಸಾವಿರ ಕಂಪನಿಯ ತೆರಿಗೆ ಲೆಕ್ಕಕ್ಕೆ ಹೋಗುತ್ತದೆ, ಜಾಸ್ತಿ ಆಗಿದ್ದರೆ ರಿಟರ್ನ್ ಸಲ್ಲಿಸಿದ ಮೇಲೆ ವಾಪಸ್ ಬರುತ್ತದೆ.

ಕಷ್ಟ ಇರುವುದು ದಿನಾಂಕಗಳಲ್ಲಿ. ಇನ್‌ವಾಯ್ಸ್ ಕೊಟ್ಟ ತಕ್ಷಣ ಜಿಎಸ್‌ಟಿ ಹೊಣೆ ಶುರುವಾಗುತ್ತದೆ. ಮುಂದಿನ ತಿಂಗಳ 20–25ರೊಳಗೆ ಆ ತೆರಿಗೆ ಕಟ್ಟಬೇಕು, ಕ್ಲೈಂಟ್ ಹಣ ಕೊಟ್ಟಿರಲಿ, ಕೊಡದಿರಲಿ. ಕಾರ್ಖಾನೆಗಳಿಗೆ ಕಚ್ಚಾ ಮಾಲಿನ ಮೇಲೆ ಕಟ್ಟಿದ ತೆರಿಗೆ ಕಳೆದುಕೊಳ್ಳುವ ಅವಕಾಶ ಜಾಸ್ತಿ. ಕನ್ಸಲ್ಟಿಂಗ್‌ನಲ್ಲಿ ದೊಡ್ಡ ಖರ್ಚು ಸಂಬಳ, ಅದರ ಮೇಲೆ ಜಿಎಸ್‌ಟಿ ಇಲ್ಲ, ಹಾಗಾಗಿ ಕಳೆಯಲು ಹೆಚ್ಚೇನೂ ಇರುವುದಿಲ್ಲ. ಕ್ಲೈಂಟ್ ಮೂರು ತಿಂಗಳು ತಡ ಮಾಡಿದರೆ ಸ್ಥಾಪಕರು ತಮ್ಮ ಜೇಬಿನಿಂದ ಸರ್ಕಾರಕ್ಕೂ ಕಟ್ಟುತ್ತಾರೆ, ನಿಮಗೂ ಸಂಬಳ ಕೊಡುತ್ತಾರೆ. ಸಂಬಳ ಒಂದು ವಾರ ತಡವಾಗುವುದರ ಹಿಂದೆ ಎಷ್ಟೋ ಸಲ ಇರುವುದು ಇದೇ.

ಇದಕ್ಕೆ ಕಾನೂನಿನ ನೆರವೂ ಇದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಪ್ರಕಾರ, ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗಾಗಿ ಕೇಂದ್ರ ಸರ್ಕಾರದ ನೋಂದಣಿ) ಇರುವ ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಒಪ್ಪಂದ ಇದ್ದರೂ 45 ದಿನಗಳೊಳಗೆ ಹಣ ಕೊಡಬೇಕು, ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ನಿಗದಿಪಡಿಸಿದ ಬ್ಯಾಂಕ್ ದರದ ಮೂರು ಪಟ್ಟು, ಅದೂ ಚಕ್ರಬಡ್ಡಿ. ಸೇವೆ ಕೊಡುವ ಕಂಪನಿಗಳಿಗೂ ಇದು ಅನ್ವಯ. ಇದಕ್ಕೆಂದೇ ಇರುವ ಸರ್ಕಾರಿ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಆದರೆ ಕ್ಲೈಂಟ್ ಮೇಲೆ ದೂರು ಕೊಟ್ಟರೆ ಮುಂದಿನ ಕೆಲಸ ಹೋದಂತೆಯೇ, ಅದಕ್ಕೇ ಸಣ್ಣ ಕಂಪನಿಗಳು ಹಿಂಜರಿಯುತ್ತವೆ. ದೂರಿಗೆ ಹೋಗದೆ ಮಾಡಬಹುದಾದ್ದು ಒಂದಿದೆ. ಇನ್‌ವಾಯ್ಸ್ ಮೇಲೆ ಉದ್ಯಮ್ ಸಂಖ್ಯೆ ಎದ್ದು ಕಾಣುವಂತೆ ಹಾಕುವುದು. ಗಡುವು ಮೀರಿದರೆ, ಹಣ ಕೊಡುವವರೆಗೆ ಕ್ಲೈಂಟ್‌ಗೆ ಆ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ಕಳೆಯಲು ಬರುವುದಿಲ್ಲ. ಈ ನಿಯಮ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಾಗಾಗಿ ಅವರ ಅಕೌಂಟ್ಸ್ ವಿಭಾಗವೇ ಆ ಸಂಖ್ಯೆ ನೋಡಿದರೆ ಸ್ವಲ್ಪ ಎಚ್ಚೆತ್ತುಕೊಳ್ಳುತ್ತದೆ.

ಕಿರಿಯರಾದ ನಿಮ್ಮ ಪಾತ್ರ ಇಲ್ಲಿ ಏನು ಅಂತೀರಾ? ಬಹಳ ಇದೆ. ಹಣ ನಿಲ್ಲುವುದಕ್ಕೆ ಸಾಮಾನ್ಯ ಕಾರಣ ಜಗಳ ಆಗಿರುವುದಿಲ್ಲ. ಪರ್ಚೇಸ್ ಆರ್ಡರ್ ನಂಬರ್ ಬಿಟ್ಟುಹೋಗಿರುತ್ತದೆ. "ಎರಡನೇ ಹಂತ ಮುಗಿದಿದೆ" ಅಂತ ಪ್ಲಾಂಟ್ ಹೆಡ್ ಸಹಿ ಹಾಕಿರುವುದಿಲ್ಲ. ರಿಪೋರ್ಟ್ ಕಳಿಸಿದ ಮೇಲ್ ಸಿಗುತ್ತಿರುವುದಿಲ್ಲ. ದಿನಾ ಕಾರ್ಖಾನೆಯಲ್ಲಿ ಇರುವವರು ನೀವು. ಹಂತ ಮುಗಿದ ದಿನವೇ ಸಹಿ ಮಾಡಿಸಿ, ಸ್ಕ್ಯಾನ್ ಮಾಡಿ ಕಳಿಸಿದರೆ ಇನ್‌ವಾಯ್ಸ್ ಮೂರು ವಾರ ಬೇಗ ಹೋಗುತ್ತದೆ. ಇದನ್ನು ಮಾಡುವ ಹುಡುಗನನ್ನೋ ಹುಡುಗಿಯನ್ನೋ ಯಾವ ಸ್ಥಾಪಕರೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಜೊತೆಗೆ ನಿಮ್ಮ ಒಂದು ದಿನದ ಬೆಲೆಯನ್ನೂ ಲೆಕ್ಕ ಹಾಕಿ. ಈ ಕ್ಷೇತ್ರದಲ್ಲಿ ಹಳೆಯ ಅಂದಾಜು ಒಂದಿದೆ: ಒಬ್ಬರ ಸಂಬಳದ ಸುಮಾರು ಮೂರು ಪಟ್ಟು ಕ್ಲೈಂಟ್‌ಗೆ ಬಿಲ್ ಆಗಬೇಕು. ಒಂದು ಪಾಲು ಸಂಬಳಕ್ಕೆ, ಒಂದು ಪಾಲು ಬಾಡಿಗೆ, ಓಡಾಟ, ಬಿಲ್ ಆಗದ ದಿನಗಳಿಗೆ, ಉಳಿದದ್ದು ತೆರಿಗೆ ಮತ್ತು ಲಾಭಕ್ಕೆ. ನಿಮ್ಮ ಸಂಬಳ ₹50,000 ಆದರೆ ತಿಂಗಳಿಗೆ ಒಂದೂವರೆ ಲಕ್ಷದ ಕೆಲಸ ನಿಮ್ಮ ಹೆಸರಿನಲ್ಲಿ ಹೋಗಬೇಕು. ಸಂಬಳ ಹೆಚ್ಚಿಸಿ ಅಂತ ಕೇಳುವಾಗ ಈ ಲೆಕ್ಕ ಕೈಯಲ್ಲಿದ್ದರೆ ಮಾತು ಬೇರೆಯೇ ಆಗುತ್ತದೆ. ಟೈಮ್‌ಶೀಟ್ ತುಂಬುವುದು ಬೇಸರದ ಕೆಲಸ ಅನ್ನಿಸಿದರೂ ದಿನಾ ತುಂಬಿ. ಆ ಮಾತಿಗೆ ಬೇಕಾದ ಆಧಾರ ಅದೊಂದೇ.

ಹೆಜ್ಜೆ 4: ಕಾರ್ಖಾನೆಯ ಮೊದಲ ವಾರ ಲ್ಯಾಪ್‌ಟಾಪ್ ಚೀಲದಲ್ಲೇ ಇರಲಿ

ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಬೆಳಗಾವಿಯಲ್ಲಿ ಇಳಿದು, ಉದ್ಯಮಬಾಗ್‌ನ ಫೌಂಡ್ರಿಯೊಂದರ ಗೇಟಿನಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಅಲ್ಲಿ ಎರಕದ ಕೆಲಸಕ್ಕೆ ತಲೆಮಾರುಗಳ ಅನುಭವ ಇದೆ. ನೀವು ಇಪ್ಪತ್ತಮೂರರ ವಯಸ್ಸಿನವರು. ನಿಮಗೆ ಗೊತ್ತಿರುವುದಕ್ಕಿಂತ ಮೋಲ್ಡಿಂಗ್ ಮಾಡುವ ಅಣ್ಣನಿಗೆ ಗೊತ್ತಿರುವುದು ಜಾಸ್ತಿ. ಇದನ್ನು ಮನಸ್ಸಿನಿಂದ ಒಪ್ಪಿಕೊಂಡು ಒಳಗೆ ಹೋಗಿ. ಅವರಿಗೆ ಅದು ಐದು ನಿಮಿಷದಲ್ಲಿ ತಿಳಿಯುತ್ತದೆ.

ಮೊದಲ ಎರಡು ದಿನ ಸುಮ್ನೆ ನಿಂತು ನೋಡಿ. ಸೇಫ್ಟಿ ಶೂ, ಕನ್ನಡಕ ಹಾಕಿಕೊಳ್ಳಿ. ಒಂದು ನೋಟ್‌ಬುಕ್, ಒಂದು ಪೆನ್ನು ಸಾಕು. ಸ್ಟಾಪ್‌ವಾಚ್ ಹಿಡಿದು ಯಾರ ಪಕ್ಕದಲ್ಲೂ ನಿಲ್ಲಬೇಡಿ, ಕೆಲಸ ಕಳೆಯಲು ಬಂದವರು ಅನ್ನುವ ಭಯ ಹುಟ್ಟುತ್ತದೆ. ಹೆಸರು ಹೇಳಿ, ಯಾಕೆ ಬಂದಿದ್ದೀರಿ ಅಂತ ಹೇಳಿ, ಆಮೇಲೆ ಕೇಳಿ. "ಅಣ್ಣಾರ, ಈ ಪೀಸ್ ಯಾಕ ರಿಜೆಕ್ಟ್ ಆತು?" ಅಂತ ಅವರ ಮಾತಿನಲ್ಲೇ ಕೇಳಿದರೆ, "ಉಸುಕಿನ್ಯಾಗ ನೀರ ಜಾಸ್ತಿ ಆಗೇದ್ರಿ" ಅಂತ ಉತ್ತರ ಬರುತ್ತದೆ. ಮರಳಿನಲ್ಲಿ ತೇವ ಹೆಚ್ಚಾದರೆ ಎರಕದೊಳಗೆ ಗಾಳಿಗುಳ್ಳೆ ಆಗುತ್ತದೆ. ನೀವು ವಾರಗಟ್ಟಲೆ ಎಕ್ಸೆಲ್‌ನಲ್ಲಿ ಹುಡುಕುವ ಕಾರಣ ಅಲ್ಲೇ ಇರಬಹುದು. ದಕ್ಷಿಣದವರಿಗೆ ಆ ಕಡೆಯ ಮಾತು ಹೊಸದಾಗಿದ್ದರೆ "ರೀ" ಸೇರಿಸಿ ಮರ್ಯಾದೆಯಿಂದ ಮಾತಾಡಿದರೆ ಸಾಕು, ಅವರೇ ಕಲಿಸುತ್ತಾರೆ. ಪೀಣ್ಯದಲ್ಲಿ ಬಿಹಾರ, ಒಡಿಶಾದಿಂದ ಬಂದವರೂ ಬಹಳ ಇದ್ದಾರೆ, ಅಲ್ಲಿ ಹಿಂದಿ ಬೇಕಾಗುತ್ತದೆ.

ಅಂಕಿಅಂಶ ಸಂಗ್ರಹಿಸುವಾಗ ರಿಜಿಸ್ಟರನ್ನು ಕಣ್ಣುಮುಚ್ಚಿ ನಂಬಬೇಡಿ. ಪಾಳಿ ಮುಗಿದ ಮೇಲೆ ಸೂಪರ್‌ವೈಸರ್ ನೆನಪಿನಿಂದ ಬರೆಯುವುದು ಎಲ್ಲ ಕಡೆ ಇದೆ. ಯಂತ್ರ ನಿಂತ ನಿಮಿಷಗಳೆಲ್ಲ 10, 15, 30 ಅಂತಲೇ ಇದ್ದರೆ ಅದು ಅಂದಾಜು. ಹಾಗಂತ ಅವರ ಮೇಲೆ ತಪ್ಪು ಹೊರಿಸಬೇಡಿ. ಬರೆಯಲು ಅವರಿಗೆ ಸಮಯ ಕೊಟ್ಟವರೇ ಇರುವುದಿಲ್ಲ. ಮೂರು ಪಾಳಿ ನೀವೇ ಪಕ್ಕದಲ್ಲಿದ್ದು ಬರೆದುಕೊಳ್ಳಿ, ಹೋಲಿಸಿ ನೋಡಿ.

ಬೇರೆ ಮೂಲದಿಂದ ಪರೀಕ್ಷಿಸುವುದು ಇನ್ನೂ ಒಳ್ಳೆಯದು. ಫೌಂಡ್ರಿಯಲ್ಲಿ ಕರೆಂಟ್ ಬಿಲ್ ಒಳ್ಳೆಯ ಸಾಕ್ಷಿ. ಇಂಡಕ್ಷನ್ ಫರ್ನೇಸ್‌ನಲ್ಲಿ (ಕರೆಂಟಿನಿಂದ ಲೋಹ ಕರಗಿಸುವ ಕುಲುಮೆ) ಒಂದು ಟನ್ ಕಬ್ಬಿಣ ಕರಗಿಸಲು ಸಾಮಾನ್ಯವಾಗಿ 550ರಿಂದ 700 ಯೂನಿಟ್ ಬೇಕು. ಹೆಸ್ಕಾಂ ಬಿಲ್‌ನಲ್ಲಿ ತಿಂಗಳ ಬಳಕೆ 1,20,000 ಯೂನಿಟ್ ಇದ್ದು, ರಿಜಿಸ್ಟರ್‌ನಲ್ಲಿ 260 ಟನ್ ಕರಗಿಸಿದ್ದಾಗಿ ಬರೆದಿದ್ದರೆ, ಟನ್‌ಗೆ ಬರುವುದು ಬರೀ 461 ಯೂನಿಟ್. ಅದರಲ್ಲೇ ಕಂಪ್ರೆಸರ್, ದೀಪ, ಫ್ಯಾನ್ ಎಲ್ಲ ಸೇರಿವೆ. ಎಲ್ಲೋ ಲೆಕ್ಕ ತಪ್ಪಿದೆ. ಜನರೇಟರ್ ಅಥವಾ ಸೋಲಾರ್ ಇದೆಯಾ ಅಂತ ಮೊದಲು ಕೇಳಿ, ಇಲ್ಲ ಅಂದರೆ ತೂಕದ ಚೀಟಿಗಳನ್ನು ನೋಡಲು ಶುರು ಮಾಡಿ.

ಯಂತ್ರಗಳ ಕಡೆ ಬಂದರೆ ಓಇಇ (ಯಂತ್ರದಿಂದ ಬರಬೇಕಾದ್ದರಲ್ಲಿ ಒಳ್ಳೆಯ ಪೀಸ್ ನಿಜವಾಗಿ ಎಷ್ಟು ಬಂತು ಅನ್ನುವ ಅಳತೆ) ಲೆಕ್ಕ ಬಾಯಿಪಾಠ ಆಗಬೇಕು. 480 ನಿಮಿಷದ ಪಾಳಿ, 30 ನಿಮಿಷ ಊಟ-ಚಹಾ, ಉಳಿದದ್ದು 450. ಡೈ (ಅಚ್ಚು) ಬದಲಿಸಲು, ರಿಪೇರಿಗೆ 90 ನಿಮಿಷ ಹೋಯಿತು, ಓಡಿದ್ದು 360. ಅಲ್ಲಿಗೆ ಲಭ್ಯತೆ 80%. ನಿಮಿಷಕ್ಕೊಂದು ಪೀಸ್ ಬರಬೇಕಾದ ಯಂತ್ರದಲ್ಲಿ ಬಂದದ್ದು 300, ಅಂದರೆ ವೇಗ ಸುಮಾರು 83%. ಅದರಲ್ಲಿ ಒಳ್ಳೆಯವು 285, ಗುಣಮಟ್ಟ 95%. ಮೂರನ್ನೂ ಗುಣಿಸಿದರೆ ಸುಮಾರು 63%. ಮಾಲೀಕರು ಸಾಮಾನ್ಯವಾಗಿ ರಿಜೆಕ್ಷನ್ ಬಗ್ಗೆಯೇ ಕೋಪ ಮಾಡಿಕೊಳ್ಳುತ್ತಿರುತ್ತಾರೆ. ಈ ಲೆಕ್ಕದಲ್ಲಿ ರಿಜೆಕ್ಷನ್‌ನಿಂದ ಹೋದದ್ದು 15 ಪೀಸ್, ಯಂತ್ರ ನಿಂತದ್ದರಿಂದ ಹೋದದ್ದು 90. ಇದನ್ನು ಅವರ ಮುಂದೆ ಇಡುವ ಕ್ಷಣದಲ್ಲಿ ಕನ್ಸಲ್ಟಿಂಗ್ ಯಾಕೆ ಬೇಕು ಅನ್ನುವುದು ನಿಮಗೂ ಅರ್ಥವಾಗುತ್ತದೆ.

ಪ್ರತಿ ಸಂಜೆ ಆಫೀಸಿಗೆ ನಾಲ್ಕು ಸಾಲು ಬರೆದು ಕಳಿಸಿ: ಏನು ನೋಡಿದೆ, ಯಾವುದು ಖಚಿತ, ಯಾವುದು ಅನುಮಾನ, ನಾಳೆ ಯಾರನ್ನು ನೋಡಬೇಕು. ಸ್ಥಾಪಕರು ಬೇರೆ ಊರಲ್ಲಿರುತ್ತಾರೆ, ನಿಮ್ಮ ಕಣ್ಣಿನಿಂದಲೇ ಅವರು ನೋಡಬೇಕು.

ಹೆಜ್ಜೆ 5: ಪಿಪಿಟಿಗಿಂತ ಮೊದಲು ಪ್ಲಾಂಟ್ ಮ್ಯಾನೇಜರ್

ಮಾಲೀಕರ ಮುಂದಿನ ಮೀಟಿಂಗ್‌ಗೆ ಎರಡು ದಿನ ಮೊದಲೇ ನಿಮ್ಮ ಅಂಕಿಗಳನ್ನು ಪ್ಲಾಂಟ್ ಮ್ಯಾನೇಜರ್‌ಗೆ ತೋರಿಸಿ. "ಸರ್, ನಮಗೆ ಹೀಗೆ ಕಾಣಿಸುತ್ತಿದೆ, ತಪ್ಪಿದ್ದರೆ ಹೇಳಿ." ಅವರು ತಿದ್ದಿದರೆ ನಿಮ್ಮ ಕೆಲಸ ಗಟ್ಟಿಯಾಗುತ್ತದೆ. ಒಪ್ಪಿದರೆ ಮೀಟಿಂಗ್‌ನಲ್ಲಿ ನಿಮ್ಮ ಪರ ಮಾತಾಡುತ್ತಾರೆ. ತೋರಿಸದೆ ಹೋಗಿ ಮಾಲೀಕರ ಎದುರು ಅವರ ವಿಭಾಗದ ತಪ್ಪು ತೆರೆದಿಟ್ಟರೆ, ನೀವು ಹೇಳಿದ್ದು ಸರಿಯೇ ಇದ್ದರೂ ಅದು ಜಾರಿಗೆ ಬರುವುದಿಲ್ಲ. ಜಾರಿ ಮಾಡಬೇಕಾದವರು ಅವರೇ ಅಲ್ವಾ?

ಸ್ಲೈಡ್‌ನ ತಲೆಬರಹ ಪೂರ್ತಿ ವಾಕ್ಯ ಆಗಿರಲಿ. "ಯಂತ್ರ ಬಳಕೆ ವಿಶ್ಲೇಷಣೆ" ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ಡೈ ಬದಲಿಸುವ ಸಮಯ ಅರ್ಧ ಇಳಿದರೆ ತಿಂಗಳಿಗೆ ಇಷ್ಟು ಪೀಸ್ ಜಾಸ್ತಿ ಬರುತ್ತದೆ" ಅಂತ ಬರೆಯಿರಿ. ಮೊತ್ತ ಲಕ್ಷ, ಕೋಟಿಯಲ್ಲೇ ಇರಲಿ. ಪ್ರತಿ ಅಂಕಿಯ ಕೆಳಗೆ ಅದು ಎಲ್ಲಿಂದ ಬಂತು, ಯಾವ ತಿಂಗಳದ್ದು ಅಂತ ಸಣ್ಣಕ್ಷರದಲ್ಲಿ ಹಾಕಿ. ಮೂವತ್ತು ಸ್ಲೈಡ್ ಮಾಡಿದ್ದರೂ ಜೊತೆಗೆ ಒಂದು ಪುಟದ ಟಿಪ್ಪಣಿ ಇರಲಿ, ಸಾಧ್ಯವಾದರೆ ಕನ್ನಡದಲ್ಲಿ. ಎರಡನೇ ತಲೆಮಾರಿನ ಮಾಲೀಕರು ಇಂಗ್ಲಿಷ್ ಓದುತ್ತಾರೆ, ಆದರೆ ಶಾಪ್‌ಫ್ಲೋರ್‌ನ ಗೋಡೆಗೆ ಅಂಟಿಸುವ ಹಾಳೆ ಅಲ್ಲಿಯ ಜನರ ಭಾಷೆಯಲ್ಲಿದ್ದರೆ ಮಾತ್ರ ಕೆಲಸಕ್ಕೆ ಬರುತ್ತದೆ. ಇದು ನನ್ನ ಗಟ್ಟಿ ಅಭಿಪ್ರಾಯ. ಕನ್ನಡ ಚೆನ್ನಾಗಿ ಬರೆಯಬಲ್ಲ ಕನ್ಸಲ್ಟೆಂಟ್‌ಗೆ ನಮ್ಮ ಕಾರ್ಖಾನೆಗಳಲ್ಲಿ ಸಿಗುವ ವಿಶ್ವಾಸ ಬೇರೆಯೇ.

ಕ್ಲೈಂಟ್‌ನ ಅಂಕಿಗಳನ್ನು ಯಾವುದೇ ಉಚಿತ ಎಐ ಚಾಟ್‌ಬಾಟ್‌ಗೆ ಹಾಕಬೇಡಿ, ಗೆಳೆಯರ ವಾಟ್ಸ್ಆ್ಯಪ್ ಗುಂಪಿಗೆ ಫೋಟೊ ಕಳಿಸಬೇಡಿ. ಪಕ್ಕದ ಶೆಡ್‌ನವರು ಅವರ ಪ್ರತಿಸ್ಪರ್ಧಿ ಆಗಿರಬಹುದು. ಗೌಪ್ಯತೆ ಒಪ್ಪಂದಕ್ಕೆ ಸಹಿ ಹಾಕಿರುವುದು ನಿಮ್ಮ ಕಂಪನಿ.

ಹೆಜ್ಜೆ 6: "ಇದೊಂದು ಸ್ವಲ್ಪ ನೋಡಿಬಿಡಿ" ಅಂದಾಗ

ಕ್ಲೈಂಟ್‌ಗೆ ನೀವು ಇಷ್ಟವಾದಷ್ಟೂ ಈ ಮಾತು ಜಾಸ್ತಿ ಬರುತ್ತದೆ. ಒಪ್ಪಂದ ಇರುವುದು ಮಷಿನ್ ಶಾಪ್‌ಗೆ, ಅವರು ಸ್ಟೋರ್ಸ್ ಲೆಕ್ಕವನ್ನೂ ನೋಡಿ ಅನ್ನುತ್ತಾರೆ. ಆಮೇಲೆ ಅವರ ಸಾಫ್ಟ್‌ವೇರ್ ಖರೀದಿ. ಆಮೇಲೆ ಬ್ಯಾಂಕಿಗೆ ಕೊಡುವ ವರದಿ. ಆಗಲ್ಲ ಅಂತ ಮುಖಕ್ಕೆ ಹೇಳಬೇಡಿ, ಹೂಂ ಅಂತಲೂ ಒಪ್ಪಿಕೊಳ್ಳಬೇಡಿ. "ಖಂಡಿತ ಮಾಡಬಹುದು ಸರ್. ಎಷ್ಟು ದಿನ ಬೇಕು ಅಂತ ನಮ್ಮ ಸರ್ ಹತ್ತಿರ ಮಾತಾಡಿ ಬರೆದು ಕಳಿಸ್ತೀನಿ" ಅನ್ನಿ. ಅದೇ ಸಂಜೆ ಸ್ಥಾಪಕರಿಗೆ ತಿಳಿಸಿ. ಅರ್ಧ ದಿನದ ಕೆಲಸ ಆದರೆ ಅವರು ಪ್ರೀತಿಯಿಂದ ಮಾಡಿಕೊಡಿ ಅನ್ನಬಹುದು, ಹತ್ತು ದಿನದ್ದಾದರೆ ಹೊಸ ಪ್ರಪೋಸಲ್ ಆಗುತ್ತದೆ. ಎಷ್ಟೋ ಸಣ್ಣ ಕಂಪನಿಗಳ ಎರಡನೇ ಪ್ರಾಜೆಕ್ಟ್ ಹುಟ್ಟುವುದೇ ಹೀಗೆ. ಕೇಳಿದ ಪ್ರತಿ ಹೆಚ್ಚುವರಿ ಕೆಲಸವನ್ನೂ ದಿನಾಂಕ ಸಮೇತ ಒಂದು ಪಟ್ಟಿಯಲ್ಲಿ ಇಡಿ.

ಮೀಟಿಂಗ್ ಮುಗಿದ ದಿನವೇ ತೀರ್ಮಾನಗಳನ್ನು ಮೇಲ್ ಮಾಡಿ. ಯಾರು, ಏನು, ಯಾವತ್ತಿನೊಳಗೆ. ಅಷ್ಟೇ ಸಾಕು.

ಹೆಜ್ಜೆ 7: ಎಚ್‌ಆರ್ ಇಲ್ಲದ ಕಡೆ ನಿಮ್ಮ ಹಿತ ನೋಡಿಕೊಳ್ಳುವುದು

ಇಬ್ಬರು ಸ್ಥಾಪಕರು ಎರಡು ಥರ ಹೇಳಿದರೆ ಮಧ್ಯದಲ್ಲಿ ಒದ್ದಾಡಬೇಡಿ. ಇಬ್ಬರಿಗೂ ಒಂದೇ ಮೇಲ್ ಹಾಕಿ, ಯಾವುದು ಮೊದಲು ಅಂತ ಕೇಳಿ. ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಒಬ್ಬ ಸ್ಥಾಪಕರ ಜೊತೆ ಕೂರುವ ಪದ್ಧತಿ ನೀವೇ ಶುರು ಮಾಡಿ.

ಓಡಾಟದ ಖರ್ಚನ್ನು ತಿಂಗಳುಗಟ್ಟಲೆ ನಿಮ್ಮ ಕ್ರೆಡಿಟ್ ಕಾರ್ಡ್ ಮೇಲೆ ಹೊರಬೇಡಿ. ಹೋಗುವ ಮೊದಲೇ ಮುಂಗಡ ಕೇಳುವುದು ತಪ್ಪಲ್ಲ. ಕೆಲಸದ ಸಮಯದ ಬಗ್ಗೆ ಇಲ್ಲಿ ಗಡಿಯಾರ ನೋಡುವವರು ಕಡಿಮೆ. ಆದರೂ ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಸಾಮಾನ್ಯ ನೌಕರರಿಗೆ ದಿನಕ್ಕೆ 9, ವಾರಕ್ಕೆ 48 ಗಂಟೆ ಅನ್ನುವ ಮಿತಿ ಇದೆ, ದುಡಿದ ಪ್ರತಿ 20 ದಿನಕ್ಕೆ ಒಂದು ಗಳಿಕೆ ರಜೆಯೂ ಇದೆ. ಪ್ರಾಜೆಕ್ಟ್ ಕೊನೆಯ ವಾರ ಜಾಸ್ತಿ ದುಡಿಯಿರಿ, ಮುಗಿದ ಮೇಲೆ ಎರಡು ದಿನ ರಜೆ ತಗೊಳ್ಳಿ, ಅದನ್ನು ಮೊದಲೇ ಮಾತಾಡಿಕೊಳ್ಳಿ.

ಹೆಣ್ಣುಮಕ್ಕಳು ಒಂದು ವಿಷಯ ಖಂಡಿತ ತಿಳಿದಿರಬೇಕು. ಲೈಂಗಿಕ ಕಿರುಕುಳ ತಡೆ ಕಾಯ್ದೆ, 2013ರ ಪ್ರಕಾರ ಆಂತರಿಕ ಸಮಿತಿ ಕಡ್ಡಾಯ ಇರುವುದು 10 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ. ಅದಕ್ಕಿಂತ ಸಣ್ಣ ಕಂಪನಿ ಆದರೆ ದೂರು ಕೊಡಬೇಕಾದ್ದು ಜಿಲ್ಲೆಯ ಸ್ಥಳೀಯ ಸಮಿತಿಗೆ. ದೂರು ಸ್ಥಾಪಕರ ಮೇಲೇ ಇದ್ದರೂ ಅಲ್ಲಿಗೇ ಹೋಗಬಹುದು. ಕ್ಲೈಂಟ್‌ನ ಜಾಗದಲ್ಲಿ ಆದದ್ದೂ ಕೆಲಸದ ಜಾಗದಲ್ಲಿ ಆದಂತೆಯೇ. ಬೇರೆ ಊರಿಗೆ ಕಳಿಸುವಾಗ ಒಳ್ಳೆಯ ಹೋಟೆಲ್, ಸ್ಟೇಷನ್‌ನಿಂದ ಗಾಡಿ ಇವೆರಡನ್ನು ಕೇಳುವುದಕ್ಕೆ ಸಂಕೋಚ ಬೇಡವೇ ಬೇಡ.

ಹೆಜ್ಜೆ 8: ಬಿಡುವಾಗ

ಎರಡೋ ಮೂರೋ ವರ್ಷಕ್ಕೆ ಬೇರೆ ಕಡೆ ಹೋಗುವುದು ಸಹಜ, ಸ್ಥಾಪಕರಿಗೂ ಅದು ಗೊತ್ತು. ಪ್ರತಿ ಪ್ರಾಜೆಕ್ಟ್ ಮುಗಿದಾಗ ಒಂದು ಪುಟ ಬರೆದಿಟ್ಟುಕೊಂಡಿರಿ. ಸಮಸ್ಯೆ ಏನಿತ್ತು, ನೀವು ಮಾಡಿದ್ದು ಏನು, ಆರು ತಿಂಗಳ ಮೇಲೆ ಏನಾಯಿತು. ಕ್ಲೈಂಟ್ ಹೆಸರು, ಅವರ ಅಂಕಿಗಳು ಬೇಡ. "ಉತ್ತರ ಕರ್ನಾಟಕದ ಮಧ್ಯಮ ಗಾತ್ರದ ಫೌಂಡ್ರಿ" ಅಂದರೆ ಸಾಕು. ಮುಂದಿನ ಸಂದರ್ಶನದಲ್ಲಿ ಕೇಳುವುದೆಲ್ಲ ಇದರಲ್ಲೇ ಇರುತ್ತದೆ. ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ತುಂಬಿಕೊಂಡು ಹೋಗಬೇಡಿ, ಅದು ನಿಮ್ಮದಲ್ಲ.

"ಎರಡು ವರ್ಷ ಇದೇ ಕ್ಷೇತ್ರದಲ್ಲಿ ಬೇರೆಲ್ಲೂ ಕೆಲಸ ಮಾಡಬಾರದು" ಅನ್ನುವ ಷರತ್ತು ಪತ್ರದಲ್ಲಿದ್ದರೆ ಹೆದರಬೇಡಿ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಕೆಲಸ ಬಿಟ್ಟ ಮೇಲೆ ದುಡಿಮೆಯನ್ನು ತಡೆಯುವ ಇಂಥ ಷರತ್ತು ಊರ್ಜಿತ ಆಗುವುದಿಲ್ಲ. ಆದರೆ ಗೌಪ್ಯತೆಯ ಷರತ್ತು ಉಳಿಯುತ್ತದೆ. ತರಬೇತಿಗೆ ನಿಜವಾಗಿ ಖರ್ಚು ಮಾಡಿ ಬಾಂಡ್ ಬರೆಸಿಕೊಂಡಿದ್ದರೆ ಅದನ್ನೂ ಹಗುರವಾಗಿ ತಗೊಳ್ಳಬೇಡಿ, ವಕೀಲರಿಗೆ ಒಮ್ಮೆ ತೋರಿಸಿ.

ನೋಟಿಸ್ ಅವಧಿಯಲ್ಲಿ ನಿಮ್ಮ ಕ್ಲೈಂಟ್‌ನ ಕೆಲಸ ತಗೊಳ್ಳುವವರನ್ನು ಕಾರ್ಖಾನೆಗೆ ಕರೆದುಕೊಂಡು ಹೋಗಿ, ಪ್ಲಾಂಟ್ ಮ್ಯಾನೇಜರ್‌ಗೆ ಪರಿಚಯ ಮಾಡಿಸಿ. ಸಹಿ ಆಗದ ಹಂತಗಳು, ಬಾಕಿ ಇರುವ ಇನ್‌ವಾಯ್ಸ್‌ಗಳು ಯಾವುವು ಅಂತ ಬರೆದುಕೊಡಿ. ಹತ್ತು ಜನರ ಕಂಪನಿಯಲ್ಲಿ ಒಬ್ಬರು ಹೋದರೆ ಅದು ದೊಡ್ಡ ಖಾಲಿ.

ಕೊನೆಯ ದಿನ ಕೈಯಲ್ಲಿ ಇರಬೇಕಾದವು: ರಿಲೀವಿಂಗ್ ಪತ್ರ, ಅನುಭವ ಪತ್ರ, ಕೊನೆಯ ಮೂರು ತಿಂಗಳ ಸಂಬಳ ಚೀಟಿ, ಬಾಕಿ ಓಡಾಟದ ಖರ್ಚಿನ ಲೆಕ್ಕ. ವೇತನ ಸಂಹಿತೆ ಪ್ರಕಾರ, ರಾಜೀನಾಮೆ ಕೊಟ್ಟು ಬಿಟ್ಟವರಿಗೂ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಫಾರ್ಮ್ 16 (ಸಂಬಳದಲ್ಲಿ ಹಿಡಿದ ತೆರಿಗೆಯ ಪ್ರಮಾಣಪತ್ರ) ಆರ್ಥಿಕ ವರ್ಷ ಮುಗಿದ ಮೇಲೆ ಬರುತ್ತದೆ, ಅದಕ್ಕೆ ನಿಮ್ಮ ಸ್ವಂತ ಇ-ಮೇಲ್ ಕೊಟ್ಟು ಬನ್ನಿ. ಪಿಎಫ್ ಇದ್ದರೆ ಯುಎಎನ್ (ಕಂಪನಿ ಬದಲಾದರೂ ಬದಲಾಗದ ನಿಮ್ಮ ಪಿಎಫ್ ಸಂಖ್ಯೆ) ಬರೆದಿಟ್ಟುಕೊಳ್ಳಿ. ಕೆಲಸ ಬಿಟ್ಟ ದಿನಾಂಕವನ್ನು ಅವರು ಪೋರ್ಟಲ್‌ನಲ್ಲಿ ಹಾಕಿದ್ದಾರಾ ಅಂತ ಎರಡು ತಿಂಗಳಾದ ಮೇಲೆ ನೋಡಿ. ಹಾಕಿರದಿದ್ದರೆ ಒಂದು ಫೋನ್ ಮಾಡಿ ನೆನಪಿಸಿ. ಹಳೆಯ ಖಾತೆಯ ಹಣ ಹೊಸ ಕಂಪನಿಯ ಖಾತೆಗೆ ವರ್ಗ ಆಗಬೇಕಾದರೆ ಆ ದಿನಾಂಕ ಬೇಕು.